ಕಳಸದ ಸಲೂನಿನ ಡಿಸ್ಕ್ ಪ್ಲೇಯರ್

ನಮ್ಮ ಮನೆಯ ಸೀಬೆ ಮರದಲ್ಲಿ ಈಗ ಹತ್ತಿಪ್ಪತ್ತು ಸಿನಿಮಾಗಳು ನೇತಾಡುತ್ತಿವೆ. ಒಂದು ಕಾಲದಲ್ಲಿ ನಾನು ಕಂಡಕಂಡಲ್ಲಿ ಕೊಂಡು, ಬೀರುವಿನಲ್ಲಿ ಜೋಡಿಸಿ, ಯಾರಿಗೂ ಮುಟ್ಟಲು ಕೊಡದೆ ಕಾಪಾಡಿದ ಡಿಸ್ಕುಗಳನ್ನು ನನ್ನ ಹೆಂಡತಿ ಸುಮ ದಾರ ಕಟ್ಟಿ ಕೊಂಬೆಗಳಿಗೆ ತೂಗುಹಾಕಿದ್ದಾಳೆ. ಬಿಸಿಲಿಗೆ ಮಿಂಚುತ್ತ ತಿರುಗುವ ಅವನ್ನು ಕಂಡರೆ ಹಕ್ಕಿಗಳು ಹೆದರಿ ಓಡುತ್ತವೆಂದು ಅವಳಿಗೆ ಯಾರೋ ಹೇಳಿದ್ದರು. ಒಂದೆರಡು ದಿನ ಹೆದರಿದ್ದೂ ನಿಜ. ಆಮೇಲೆ ಒಂದು ಪಿಕಳಾರ ಬಂದು ಡಿಸ್ಕಿನೆದುರು ಕೂತು, ತನ್ನ ಮುಖವನ್ನೂ ಜುಟ್ಟನ್ನೂ ಸಾವಕಾಶವಾಗಿ ನೋಡಿಕೊಂಡು, ಪಕ್ಕದ ಹಣ್ಣಿಗೆ ಬಾಯಿ ಹಾಕಿತು. "ನಿಮ್ಮ ಸಿನಿಮಾಗಳು ಹಕ್ಕಿ ಓಡ್ಸೋಕೂ ಪ್ರಯೋಜನಕ್ಕೆ ಬರ್ಲಿಲ್ಲ" ಎಂದು ಸುಮ ಒಳಗೆ ಹೋದಳು. ನನಗೆ ಬೇಸರವಾಗಲಿಲ್ಲ ಎಂದರೆ ಸುಳ್ಳು.

ಅವುಗಳನ್ನು ಸಂಪಾದಿಸಲು ಪಟ್ಟ ಪಾಡು ನೆನಪಾಗುತ್ತದಲ್ಲ! ಅದಕ್ಕಿಂತ ದೊಡ್ಡ ಪಾಡು ಅವುಗಳನ್ನು ಹಾಕಿ ನೋಡುವ ಯಂತ್ರವನ್ನು ಆರಿಸುವುದಾಗಿತ್ತು. ನಮ್ಮ ನೆಂಟರಿಷ್ಟರಲ್ಲಿ ಯಂತ್ರಗಳ ವಿಷಯಕ್ಕೆ ನಾನೇ ಪಂಡಿತ ಎಂಬ ಹೆಸರಿತ್ತು. ಹಿಂದೆಂದೋ ಹೆಂಚು ಹತ್ತಿ ಟಿವಿ ಆಂಟೆನಾ ತಿರುಗಿಸಿ ಚಿತ್ರ ಬರಿಸಿದ್ದೆ, ಅಷ್ಟೇ ನನ್ನ ವಿದ್ಯಾರ್ಹತೆ. ಆ ಹೆಸರಿನ ಧೈರ್ಯದ ಮೇಲೆ ಯಾರನ್ನೂ ಕೇಳದೆ ಒಂದು ಡಿಸ್ಕ್ ಪ್ಲೇಯರ್ ತಂದೆ. ವಸ್ತಾರೆಯ ನಮ್ಮ ಮನೆಯ ಹಾಲಿನಲ್ಲಿ ಅಕ್ಕಪಕ್ಕದವರೆಲ್ಲ ಚಾಪೆ ಹಾಸಿ ಕೂತರು. ಬಸ್ ಸ್ಟ್ಯಾಂಡಿನಲ್ಲಿ ಕೊಂಡ, ಒಂದರಲ್ಲೇ ಐದು ಸಿನಿಮಾ ತುಂಬಿದ ಡಿಸ್ಕನ್ನು ನಾನು ಗತ್ತಿನಿಂದ ಒಳಗೆ ತಳ್ಳಿದೆ. ಯಂತ್ರ ಸ್ವಲ್ಪ ಹೊತ್ತು ಗುರುಗುಟ್ಟಿ, ಇದು ನನ್ನಿಂದ ಓದಲಾಗದು ಎಂದು ಇಂಗ್ಲಿಷಿನಲ್ಲಿ ಬರೆದು ಡಿಸ್ಕನ್ನು ಹೊರಗೆ ಚಾಚಿತು. ಮತ್ತೆ ತಳ್ಳಿದೆ, ಮತ್ತೆ ಚಾಚಿತು. ಬಂದವರು ಕಾಫಿ ಕುಡಿದು ಚಾಪೆ ಸುತ್ತಿಟ್ಟು ಹೋದರು.

ಆ ದಿನ ಎಲ್ಲರಿಗಿಂತ ಹೆಚ್ಚು ನಕ್ಕವರು ನಮ್ಮ ಭಾವ. ಭಾವ ಎಂದರೆ ಅಕ್ಕ ಸಾವಿತ್ರಿಯ ಗಂಡ ನಾಗೇಶ. ಕಳಸದಿಂದಾಚೆ ಅವರದು ಸಣ್ಣ ಕಾಫಿ ತೋಟ, ಮರಗಳಿಗೆ ಹಬ್ಬಿಸಿದ ಒಂದಿಷ್ಟು ಮೆಣಸು. "ಅಲ್ಲ ಮಾರಾಯ, ಹೋಲ್ಡಾಲ್‌ನಲ್ಲಿ ಹಾಸಿಗೆ ಸುತ್ತಿ ತುಂಬಿದ ಹಾಗೆ ಒಂದು ಡಿಸ್ಕಿಗೆ ಐದು ಸಿನಿಮಾ ತುಂಬಿರ್ತಾರೆ. ನಿನ್ನ ಮಷೀನಿಗೆ ಬಕಲ್ ಬಿಚ್ಚೋಕೇ ಬರಲ್ಲ!" ಎಂದು ಅವರು ನಕ್ಕಿದ್ದು ಗೇಟಿನವರೆಗೂ ಕೇಳಿತ್ತು. ಒತ್ತಿ ತುಂಬಿದ ವಿಡಿಯೋ ಫೈಲುಗಳ ಬಗ್ಗೆ ಆಮೇಲೆ ನಾನು ಎಷ್ಟೋ ಕಡೆ ಓದಿದ್ದೇನೆ. ಅದಕ್ಕಿಂತ ಚೆನ್ನಾಗಿ ಯಾರೂ ವಿವರಿಸಿಲ್ಲ.

ತಮ್ಮ ಮನೆಗೆ ಪ್ಲೇಯರ್ ತರುವಾಗ ಭಾವ ನನ್ನನ್ನೂ ಚಿಕ್ಕಮಗಳೂರಿಗೆ ಕರೆದುಕೊಂಡು ಹೋದರು. ಸಲಹೆಗಲ್ಲ, ನಾನು ಕಲಿಯಲಿ ಎಂದು. ಅವರ ಕೈಯಲ್ಲಿ ಒಂದು ಬಟ್ಟೆ ಚೀಲ. ಒಳಗೆ ನಾನು ಜನ್ಮದಲ್ಲಿ ಕಂಡ ಅತ್ಯಂತ ದರಿದ್ರ ಡಿಸ್ಕುಗಳು. ಒಂದು ಕೋಳಿ ಕೆದರಿದ್ದು, ಒಂದರ ಮೇಲೆ ಅವರ ಮಗ ಸಚಿನ್ ಆಟದ ಕಾರು ಓಡಿಸಿದ್ದು, ಇನ್ನೊಂದರಲ್ಲಿ ಎಷ್ಟು ಫೈಲುಗಳಿವೆಯೆಂದು ದೇವರಿಗೇ ಗೊತ್ತು. ಕಾಫಿ ಮಾರುವವರು ಪಾರ್ಚ್‌ಮೆಂಟಿನ, ಅಂದರೆ ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಕಾಫಿ ಬೀಜದ, ಸ್ಯಾಂಪಲ್ ಹಿಡಿದು ಅಂಗಡಿ ಅಂಗಡಿ ತಿರುಗುವುದನ್ನು ನೋಡಿದ್ದೆ. ಭಾವ ಆ ಪದ್ಧತಿಯನ್ನು ತಿರುಗಿಸಿ ಹಾಕಿದ್ದರು. "ಕಾಫಿ ಮಾರೋಕೆ ಒಳ್ಳೇ ಸ್ಯಾಂಪಲ್ ಬೇಕು. ಮಷೀನ್ ತಗೊಳ್ಳೋಕೆ ಕೆಟ್ಟ ಸ್ಯಾಂಪಲ್ ಬೇಕು" ಎಂದರು.

ಅಂಗಡಿಯವರು ಪೆಟ್ಟಿಗೆಯ ಮೇಲಿನ ಅಕ್ಷರಗಳನ್ನು ತೋರಿಸುತ್ತ ಎಂಪಿ ತ್ರೀ, ಎಂಪಿ ಫೋರ್ ಎಂದು ಪಠಿಸುತ್ತಿದ್ದರು. ಭಾವ ಅದಾವುದನ್ನೂ ಕೇಳಿಸಿಕೊಳ್ಳದೆ ಕೋಳಿ ಕೆದರಿದ ಡಿಸ್ಕನ್ನು ಮುಂದೆ ಹಿಡಿಯುತ್ತಿದ್ದರು. ಒಬ್ಬ ಅಂಗಡಿಯವನು ಅದನ್ನು ಎರಡು ಬೆರಳಲ್ಲಿ ಹಿಡಿದು, "ಸಾರ್, ಇದನ್ನ ಹಾಕಿದ್ರೆ ನಮ್ಮ ಪೀಸ್ ಹಾಳಾಗುತ್ತೆ" ಎಂದ. "ಒಂದು ಡಿಸ್ಕಿಗೆ ಹಾಳಾಗೋ ಮಷೀನು ನಮ್ಮನೇಲಿ ಎಷ್ಟು ದಿನ ಬಾಳುತ್ತೆ?" ಎಂದು ಭಾವ ಮುಂದಿನ ಅಂಗಡಿಗೆ ನಡೆದರು. ಮಧ್ಯಾಹ್ನದ ಊಟ ತಪ್ಪಿತು. ಕೊನೆಗೆ ಮಾರ್ಕೆಟ್ ರಸ್ತೆಯ ಒಂದು ಅಂಗಡಿಯಲ್ಲಿ, ಹೆಸರೇ ಕೇಳಿರದ ಕಂಪನಿಯ ಒಂದು ಕಪ್ಪು ಪೆಟ್ಟಿಗೆ ಆ ಡಿಸ್ಕನ್ನು ನುಂಗಿ, ಕೆಮ್ಮಿ, ನೀಲಿ ಪರದೆಯ ಮೇಲೆ ಫೈಲುಗಳ ಹೆಸರನ್ನು ಸಾಲಾಗಿ ತೋರಿಸಿತು. ಭಾವ "ಬಂತು!" ಎಂದು ಕೂಗಿದ ರಭಸಕ್ಕೆ ಎದುರು ಅಂಗಡಿಯವರೂ ಇಣುಕಿ ನೋಡಿದರು.

ಭಾವನ ದನಿಯ ಬಗ್ಗೆ ಇಲ್ಲಿ ಹೇಳಲೇಬೇಕು. ಅದು ದೊಡ್ಡ ದನಿ, ಆದರೆ ಗದರುವ ದನಿಯಲ್ಲ. ತೋಟದ ಈ ತುದಿಯಲ್ಲಿ ನಿಂತು ಆ ತುದಿಯ ಆಳುಗಳನ್ನು ಕಾಫಿಗೆ ಕರೆದರೆ ಪಕ್ಕದ ತೋಟದವರೂ ಕತ್ತಿ ಕೆಳಗಿಟ್ಟು ಕಾಫಿಗೆ ಹೊರಡುತ್ತಿದ್ದರಂತೆ. ನೆಂಟರ ಮದುವೆಗಳಲ್ಲಿ ಪಂಕ್ತಿ ವಿಚಾರಿಸುವ ಕೆಲಸ ಸದಾ ಅವರದೇ. ನಮ್ಮ ಕಡೆ ಬಡಿಸುವವರು ಬೇರೆ, ವಿಚಾರಿಸುವವರು ಬೇರೆ. ವಿಚಾರಿಸುವವರ ಕೈಯಲ್ಲಿ ಪಾತ್ರೆ ಇರುವುದಿಲ್ಲ, ಬಾಯಿದ್ದರೆ ಸಾಕು. ಊಟದ ಸಾಲಿನ ನಡುವೆ ಓಡಾಡುತ್ತ ಯಾರ ಎಲೆಯಲ್ಲಿ ಏನು ಮುಗಿದಿದೆ ನೋಡಬೇಕು, ಬಡಿಸುವವರನ್ನು ಕರೆಯಬೇಕು, ಉಂಡವರನ್ನು ಹೆಸರು ಹಿಡಿದು ಮಾತಾಡಿಸಬೇಕು. "ನಿಧಾನ ಆಗ್ಲಿ, ಎಲ್ರೂ ನಿಧಾನಕ್ಕೆ ಊಟ ಮಾಡಿ" ಎಂದು ಭಾವ ಹೇಳುತ್ತಿದ್ದರೆ ಬಸ್ಸಿಗೆ ಹೊತ್ತಾದವರೂ ಇನ್ನೊಂದು ತುತ್ತು ಹೆಚ್ಚು ಉಣ್ಣುತ್ತಿದ್ದರು. ಅವರ ಒತ್ತಾಯಕ್ಕೆ ನಾನು ತಿಂದ ಹೋಳಿಗೆಗಳು ಈಗಲೂ ನನ್ನ ಸೊಂಟದ ಸುತ್ತ ಇವೆ.

ತಮ್ಮ ಮಗಳು ವಿನುತಳ ಮದುವೆಯಲ್ಲೂ ಅವರು ಅದೇ ಕೆಲಸ ಮಾಡಿದರು. ಹೆಣ್ಣಿನ ತಂದೆ ಮಂಟಪದಲ್ಲಿ ಕೂರಬೇಕಾದಷ್ಟು ಹೊತ್ತು ಕೂತು, ಧಾರೆಯಾದ ಕೂಡಲೇ ಪಂಚೆ ಎತ್ತಿ ಕಟ್ಟಿ ಊಟದ ಹಾಲಿಗೆ ಬಂದುಬಿಟ್ಟರು. ಆ ಮದುವೆಯ ವಿಡಿಯೋ ತೆಗೆದವನು ಪ್ರಕಾಶ ಎಂಬ ಉತ್ಸಾಹಿ. ಆಗಿನ ಮದುವೆ ವಿಡಿಯೋಗಳು ನಿಮಗೂ ನೆನಪಿರಬಹುದು. ಹುಡುಗಿಯ ಮುಖ ಗುಲಾಬಿ ಹೂವಿನಿಂದ ಅರಳುತ್ತಿತ್ತು, ಹುಡುಗ ಹೃದಯದೊಳಗಿಂದ ಇಣುಕುತ್ತಿದ್ದ, ಮತ್ತು ಮೊದಲಿನಿಂದ ಕೊನೆವರೆಗೆ ಸಿನಿಮಾ ಹಾಡು. ಮಂತ್ರವಿಲ್ಲ, ವಾಲಗವಿಲ್ಲ, ಯಾರ ಮಾತೂ ಇಲ್ಲ. ಪ್ರಕಾಶ ಅಂದವಾದ ಡಿಸ್ಕುಗಳನ್ನು ತಂದುಕೊಟ್ಟಾಗ ಭಾವ ಕೇಳಿದ್ದು ಒಂದೇ ಮಾತು.

"ಕತ್ತರಿಸಿ ತೆಗೆದಿದ್ದು ಎಲ್ಲಿ?"

"ಅದು ವೇಸ್ಟ್ ಅಣ್ಣ, ಅದನ್ನೆಂತ ಮಾಡ್ತೀರಿ?"

"ಕಾಫಿನ ಹಸನು ಮಾಡೋಕೆ ಕ್ಯೂರಿಂಗ್ ಮಿಲ್ಲಿಗೆ ಕಳ್ಸಿದ್ರೆ ಕರೀಕಾಳು, ಚೂರು, ಎಲ್ಲದಕ್ಕೂ ಲೆಕ್ಕ ಕೊಡ್ತಾರಪ್ಪ. ಕತ್ತರಿಸಿದ್ದೂ ನಂದೇ. ಕೊಡು."

ಪ್ರಕಾಶ ಗೊಣಗಿಕೊಂಡು, ಕತ್ತರಿಸಿದ್ದು ಉಳಿಸಿದ್ದು ಎನ್ನದೆ ಕ್ಯಾಮೆರಾದಲ್ಲಿ ತೆಗೆದದ್ದನ್ನೆಲ್ಲ, ಹಾಡು ಹೂವು ಏನೂ ಹಾಕದೆ, ಇದ್ದ ಶಬ್ದದ ಸಮೇತ ಒಂದೇ ಡಿಸ್ಕಿಗೆ ಒತ್ತಿ ತುಂಬಿ ಕೊಟ್ಟ. ಭಾವ ಅದನ್ನು ಒಂದೋ ಎರಡೋ ಸಲ ತಮ್ಮ ಕಪ್ಪು ಪೆಟ್ಟಿಗೆಯಲ್ಲಿ ಹಾಕಿ ನೋಡಿರಬಹುದು. ಮುಂದೆ ಒಂದು ಬೇಸಿಗೆಯ ಸಿಡಿಲಿಗೆ ಆ ಪೆಟ್ಟಿಗೆ ಸುಟ್ಟುಹೋಯಿತು. ಡಿಸ್ಕು ಅಕ್ಕನ ರೇಷ್ಮೆ ಸೀರೆಗಳ ನಡುವೆ ಸೇರಿ ಎಲ್ಲರಿಗೂ ಮರೆತುಹೋಯಿತು.

ಅದಾದ ಕೆಲವು ವರ್ಷಕ್ಕೆ ಭಾವನ ಗಂಟಲಿಗೆ ಕಾಯಿಲೆ ಬಂತು. ಜೀವ ಉಳಿಯಬೇಕಾದರೆ ಧ್ವನಿಪೆಟ್ಟಿಗೆ ತೆಗೆಯಬೇಕು ಎಂದರು ಡಾಕ್ಟರು. ತೆಗೆದರು. ಜೀವ ಉಳಿಯಿತು. ಗಂಟಲಿಗೆ ಹಿಡಿದು ಮಾತಾಡುವ ಬ್ಯಾಟರಿಯ ಸಾಧನವೊಂದನ್ನು ಕೊಟ್ಟಿದ್ದರು. ಅದರ ದನಿ ಕೇಳಿ ಮನೆಯ ನಾಯಿ ಬೊಗಳಿದ ಮೇಲೆ ಭಾವ ಅದನ್ನು ಮತ್ತೆ ಮುಟ್ಟಲಿಲ್ಲ. ಶಬ್ದ ಬರದಿದ್ದರೂ ತುಟಿ ಆಡಿಸಿ, ಮನೆಯವರಿಗೆ ರೂಢಿಯಾಗುತ್ತದೆ ಎಂದು ಆಸ್ಪತ್ರೆಯಲ್ಲಿ ಹೇಳಿ ಕಳಿಸಿದ್ದರು. ಭಾವ ಒಂದೇ ಒಂದು ದಿನ ಪ್ರಯತ್ನಿಸಿ ನಿಲ್ಲಿಸಿದರು. "ನೀರಿಂದ ತೆಗೆದ ಮೀನಿನ ಹಾಗೆ ಕಾಣ್ತೀನಿ" ಎಂದು ಫೋನಿನಲ್ಲಿ ಬರೆದು ನನಗೆ ತೋರಿಸಿದರು. ಆಮೇಲೆ ಅವರ ಬಾಯಿ ಊಟಕ್ಕೆ ಮಾತ್ರ ತೆರೆಯಿತು. ಕಾಫಿ ಬೇಕಾದರೆ ಚಪ್ಪಾಳೆ, ನೀರು ಬೇಕಾದರೆ ಮೇಜು ಕುಟ್ಟುವುದು. ಮದುವೆಗಳಿಗೆ ಬಂದರೂ ಉಂಡು ಮೂಲೆಯಲ್ಲಿ ಕೂರುತ್ತಿದ್ದರು. ಅವರು ವಿಚಾರಿಸದ ಪಂಕ್ತಿಯಲ್ಲಿ ಊಟ ಬೇಗ ಮುಗಿಯುತ್ತಿತ್ತು. ನನಗೆ ಅಲ್ಲಿ ಕೂರಲು ಮನಸ್ಸೇ ಆಗುತ್ತಿರಲಿಲ್ಲ.

ಸಚಿನ್ ಈಗ ತೋಟ ನೋಡಿಕೊಳ್ಳುತ್ತಾನೆ. ಅವನ ಮಗಳು ಸಾನ್ವಿ ಹುಟ್ಟಿದ್ದು ಇದೆಲ್ಲ ಆದ ಮೇಲೆ. ಮೊನ್ನೆ ಬೇಸಿಗೆಯಲ್ಲಿ ನಾನು ಕಳಸಕ್ಕೆ ಹೋಗಿದ್ದಾಗ ಅವನು ವಿನುತಳ ಮದುವೆಯ ಅಂದದ ವಿಡಿಯೋವನ್ನು ಪೆನ್‌ಡ್ರೈವಿನಲ್ಲಿ ಹಾಕಿಸಿ ತಂದಿದ್ದ. ಎಲ್ಲರೂ ಟಿವಿ ಮುಂದೆ ಕೂತೆವು. ಊಟದ ಸಾಲು ಬಂತು. ಭಾವ ಪಂಚೆ ಎತ್ತಿ ಕಟ್ಟಿ ನಡೆದು ಬಂದು, ಕೈ ಚಾಚಿ, ಬಾಯಿ ತೆರೆದರು. ಟಿವಿಯಿಂದ ಒಬ್ಬ ಹೆಣ್ಣುಮಗಳು ಸಣ್ಣ ದನಿಯಲ್ಲಿ ಪ್ರೇಮಗೀತೆ ಹಾಡಿದಳು.

ಸಾನ್ವಿ ಬಿದ್ದು ಬಿದ್ದು ನಕ್ಕಳು. "ಅಜ್ಜ ಹುಡುಗಿ ಹಾಡೋ ಥರ ಹಾಡ್ತಾರೆ!" ಎಂದು ಚಪ್ಪಾಳೆ ತಟ್ಟಿದಳು. ಮಗುವಿನದೇನು ತಪ್ಪು? ನಮಗೂ ನಗು ಬಂದಿತ್ತು. ಭಾವ ಎದ್ದು ಅಂಗಳಕ್ಕೆ ಹೋದರು, ಊಟಕ್ಕೆ ಕರೆಯುವವರೆಗೂ ಒಳಗೆ ಬರಲಿಲ್ಲ.

ಅಡುಗೆಮನೆಯಲ್ಲಿ ಅಕ್ಕ ನನ್ನ ಕೈ ಹಿಡಿದುಕೊಂಡಳು. "ಆ ಕೂಸಿಗೆ ಇವ್ರ ಸ್ವರ ಹೇಗಿತ್ತು ಅಂತ್ಲೇ ಗೊತ್ತಿಲ್ಲ ಕಣೋ. ನಂಗೂ ಮರೀತಾ ಇದೆ. ಒಂದೊಂದ್ಸಲ ನೆನಪು ಮಾಡ್ಕೊಳ್ಳೋಕೆ ಹೋದ್ರೆ ಬರೋದೇ ಇಲ್ಲ." ಆಮೇಲೆ ಬೀರುವಿನಿಂದ ಸೀರೆಗಳ ನಡುವಿನ ಡಿಸ್ಕನ್ನು ತಂದು ನನ್ನ ಕೈಗಿಟ್ಟಳು. "ಇದ್ರಲ್ಲಿ ಹಾಡಿಲ್ಲ ಅಲ್ವನಾ? ನಿಂಗೆ ಮಷೀನ್ ವಿಷಯ ಗೊತ್ತಲ್ಲ. ಎಂತಾದ್ರೂ ಮಾಡು."

ಹೀಗೆ ಮತ್ತೊಮ್ಮೆ, ಲೋಕವೆಲ್ಲ ಡಿಸ್ಕುಗಳನ್ನು ಮರಕ್ಕೆ ಕಟ್ಟಿದ ಮೇಲೆ, ನಾನು ಡಿಸ್ಕ್ ಪ್ಲೇಯರ್ ಆರಿಸಲು ಹೊರಟೆ. ಮೂಡಿಗೆರೆಯ ಕಂಪ್ಯೂಟರ್ ಸೆಂಟರಿನ ಹೆಣ್ಣುಮಗಳು ಮೊದಲು ನಕಲು ಮಾಡಿಕೊಡಲು ನೋಡಿದಳು. ಗೀರು ಬಿದ್ದಿದ್ದ ಡಿಸ್ಕು ಪ್ರತಿ ಸಲವೂ ನಡುವೆ ನಿಂತುಹೋಯಿತು. "ಹಳೇ ಪ್ಲೇಯರ್ ಸಿಕ್ರೆ ಹಾಕಿ ನೋಡಿ ಸಾರ್. ಕೆಲವು ಗೀರಿದ್ರೂ ಹಾರಿಸ್ಕೊಂಡು ಓದ್ತವೆ" ಎಂದಳು. ಪಕ್ಕದ ಟಿವಿ ಅಂಗಡಿಯಲ್ಲಿ ಕೇಳಿದೆ. "ಡಿಸ್ಕ್ ಪ್ಲೇಯರಾ? ವಾಲ್ವ್ ರೇಡಿಯೋ ಕೇಳಿದ್ರೂ ಎಲ್ಲಾದ್ರೂ ಹುಡುಕಿ ಕೊಡ್ತಿದ್ದೆ ಮಾರಾಯ್ರೆ" ಎಂದ ಅಂಗಡಿಯವ.

ಚಿಕ್ಕಮಗಳೂರಿನ ಮಾರ್ಕೆಟ್ ರಸ್ತೆಯ ಅದೇ ಅಂಗಡಿಗೂ ಹೋದೆ. ಅಲ್ಲಿ ಈಗ ಮೊಬೈಲುಗಳು. ತಲೆ ನರೆತ ಮಾಲೀಕರು ನನ್ನನ್ನು ಗುರುತಿಸಲಿಲ್ಲ. ಕೋಳಿ ಕೆದರಿದ ಡಿಸ್ಕಿನ ಮಾತೆತ್ತಿದ್ದೇ ಅವರ ಮುಖ ಅರಳಿತು. "ಆ ಕಳಸದವ್ರಾ! ಏನು ಸ್ವರ ಅವ್ರದ್ದು! ಅಂಗಡಿ ಗಾಜು ಅದುರಿತ್ತಲ್ರೀ. ಚೆನ್ನಾಗಿದಾರಾ?" ಚೆನ್ನಾಗಿದ್ದಾರೆ ಎಂದೆ.

ಕಡೆಗೆ ಆನ್‌ಲೈನಿನಲ್ಲಿ ಒಂದನ್ನು ತರಿಸಿದೆ. ಪೆಟ್ಟಿಗೆಯ ಮೇಲೆ ಎಲ್ಲ ಬಗೆಯ ಫೈಲುಗಳ ಹೆಸರೂ ಇತ್ತು. ಡಿಸ್ಕು ತಳ್ಳಿದೆ. ಯಂತ್ರ ಗುರುಗುಟ್ಟಿ, ಓದಲಾಗದು ಎಂದು ಬರೆದು, ನಾಲಿಗೆ ಚಾಚಿತು. ಸ್ಯಾಂಪಲ್ ನೋಡದೆ ಕೊಂಡವನಿಗೆ ಇನ್ನೇನಾಗಬೇಕು? ಭಾವ ಕಲಿಸಿದ್ದನ್ನು ನಾನು ಒಂದಿಷ್ಟೂ ಕಲಿತಿರಲಿಲ್ಲ. ಅದನ್ನು ವಾಪಸು ಕಳಿಸಿ, ಡಿಸ್ಕನ್ನು ಅಕ್ಕನಿಗೆ ಹಿಂದಿರುಗಿಸಿ ಸೋಲೊಪ್ಪಿಕೊಳ್ಳೋಣವೆಂದು ಕಳಸದ ಬಸ್ಸು ಹತ್ತಿದೆ.

ಇಳಿದಾಗ ಸಚಿನ್‌ನ ಜೀಪು ಬಂದಿರಲಿಲ್ಲ. ಕಾಯುವಷ್ಟು ಹೊತ್ತು ಕೂದಲಾದರೂ ಕತ್ತರಿಸಿಕೊಳ್ಳೋಣ ಎಂದು ಬಸ್ ಸ್ಟ್ಯಾಂಡಿನ ಹತ್ತಿರದ ಮಂಜಣ್ಣನ ಸಲೂನಿಗೆ ಹೋದೆ. ಕುರ್ಚಿಯಲ್ಲಿ ಕೂತು ಕತ್ತೆತ್ತಿದರೆ ಕನ್ನಡಿಯ ಮೇಲಿನ ಟಿವಿಯಲ್ಲಿ ಯಾವುದೋ ಹಳೆಯ ಸಿನಿಮಾ. ಅದು ಮುಗಿದದ್ದೇ ನೀಲಿ ಪರದೆ ಬಂತು, ಅದರ ಮೇಲೆ ಸಾಲಾಗಿ ಫೈಲುಗಳ ಹೆಸರು! ಅರ್ಧ ಕತ್ತರಿಸಿದ ತಲೆಯಲ್ಲಿ ನಾನು ಎದ್ದು ನಿಂತೆ. ಮಂಜಣ್ಣನ ಕತ್ತರಿ ನನ್ನ ಕಿವಿಯನ್ನು ಸ್ವಲ್ಪದರಲ್ಲಿ ಉಳಿಸಿತು. ಹಲಗೆಯ ಮೇಲೆ, ಪೌಡರ್ ಡಬ್ಬಿಗಳ ನಡುವೆ, ಕೂದಲು ಧೂಳು ಮೆತ್ತಿಕೊಂಡು ಒಂದು ಕಪ್ಪು ಪೆಟ್ಟಿಗೆ ಕೂತಿತ್ತು. ಅದೇ, ಹೆಸರೇ ಕೇಳಿರದ ಕಂಪನಿಯದು.

"ಕೊಡೋದಿಲ್ಲ ಅಂತಲ್ಲ" ಎಂದ ಮಂಜಣ್ಣ, ನಾನು ವಿಷಯ ಹೇಳಿದ ಮೇಲೆ. "ಅದನ್ನ ಅಲ್ಲಾಡ್ಸಿದ್ರೆ ಸತ್ತೇ ಹೋಗುತ್ತೆ. ಕೆಳಗಿಳ್ಸಿ ಒರ್ಸೋಕೂ ಹೆದ್ರಿಕೆ ನಂಗೆ. ಮಂಗಳವಾರ ಅಂಗಡಿ ರಜ. ನಾಗೇಶಣ್ಣನ್ನ, ಅಕ್ಕನ್ನ, ಎಲ್ರನ್ನೂ ಇಲ್ಲಿಗೇ ಕರ್ಕೊಂಡು ಬನ್ನಿ."

ಅಕ್ಕ ಮೊದಲು ಒಪ್ಪಲಿಲ್ಲ. "ನಾನು ಸಲೂನಿಗೆ ಹೋಗೋದಾ? ಊರವ್ರು ನೋಡಿದ್ರೆ ಎಂತ ಅಂತಾರೆ?" ಎಂದಳು. ಆಮೇಲೆ ತಾನೇ ಮಂಗಳವಾರಕ್ಕೆ ಯಾವ ಸೀರೆ ಎಂದು ಯೋಚಿಸತೊಡಗಿದಳು. ಭಾವ ತಲೆಯಾಡಿಸಿ ಆಗದು ಎಂದರು. ಯಾರೂ ಒತ್ತಾಯಿಸಲಿಲ್ಲ. ಮಂಗಳವಾರ ಬೆಳಿಗ್ಗೆ ನಾವು ಹೊರಡುವಾಗ ನೋಡಿದರೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೊರಳಿಗೆ ಬಿಳಿ ಬಟ್ಟೆ ಸುತ್ತಿ, ಜೀಪಿನ ಮುಂದಿನ ಸೀಟಿನಲ್ಲಿ ಕೂತಿದ್ದರು.

ಮಂಜಣ್ಣ ಷಟರನ್ನು ಅರ್ಧ ಎತ್ತಿದ್ದ. ಕುರ್ಚಿಗಳಿಗೆ ಒಗೆದ ಟವೆಲ್ ಹಾಸಿ, ಊದುಬತ್ತಿ ಹಚ್ಚಿದ್ದ. ಭಾವ ಅಭ್ಯಾಸದಿಂದಲೋ ಏನೋ ತಾವು ಯಾವಾಗಲೂ ಕೂರುವ ಕುರ್ಚಿಯಲ್ಲಿ ಕನ್ನಡಿಗೆ ಮುಖ ಮಾಡಿ ಕೂತರು. ಪಕ್ಕದ ಕುರ್ಚಿಯಲ್ಲಿ ಅಕ್ಕ, ಅದು ತಿರುಗೀತೆಂದು ಎರಡೂ ಕೈಯಲ್ಲಿ ಹಿಡಿದುಕೊಂಡು. ಸಾನ್ವಿ ಅಜ್ಜನ ಕಾಲಿನ ಬಳಿ. ನಾನೂ ಸಚಿನ್ನೂ ಗಿರಾಕಿಗಳು ಕಾಯುವ ಬೆಂಚಿನಲ್ಲಿ.

ಪೆಟ್ಟಿಗೆ ಡಿಸ್ಕನ್ನು ನುಂಗಿ ಬಹಳ ಹೊತ್ತು ನರಳಿತು. ನೀಲಿ ಪರದೆಯ ಮೇಲೆ ಹೆಸರುಗಳು ಬಂದವು. ಮಂಜಣ್ಣ ಒಂದನ್ನು ಒತ್ತಿದ.

ಶಬ್ದ! ಪಾತ್ರೆಗಳ ಸದ್ದು, ಎಳೆಗೂಸಿನ ಅಳು, ಯಾರೋ ಜೀಪು ತೆಗೀರಿ ಎಂದು ಕೂಗುವುದು, ನಿಂತು ನಿಂತು ಹಾರುವ ವಾಲಗ. ಚಿತ್ರ ಚೌಕ ಚೌಕವಾಗಿ ಒಡೆದು ಮತ್ತೆ ಕೂಡುತ್ತಿತ್ತು. ಈಗಿಲ್ಲದ ನಮ್ಮ ದೊಡ್ಡಮ್ಮ ಕ್ಯಾಮೆರಾ ಕಂಡು "ಇದೆಂತದಕ್ಕೆ ನನ್ನ ಹಿಂದೆ ಬಿದ್ದಿದೆ?" ಎಂದು ಬೈದಳು. ಆಮೇಲೆ ಊಟದ ಸಾಲು. ಭಾವ ಪಂಚೆ ಎತ್ತಿ ಕಟ್ಟಿ ನಡೆದು ಬಂದರು. ಕೈ ಚಾಚಿದರು.

"ನಿಧಾನ ಆಗ್ಲಿ... ಎಲ್ರೂ ನಿಧಾನಕ್ಕೆ ಊಟ ಮಾಡಿ... ಶೇಖರಣ್ಣ, ಎಂತ ಎಲೆ ಮಡಚ್ತಾ ಇದೀರಿ? ಬಿಚ್ಚಿ, ಬಿಚ್ಚಿ. ಏ, ಇಲ್ಲಿ ತುಪ್ಪ ಬರ್ಲಿಲ್ಲ ಮಾರಾಯ!"

ಆ ಪುಟ್ಟ ಸಲೂನು ತುಂಬಿಹೋಯಿತು. ಅಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಸಾನ್ವಿ ಟಿವಿಯನ್ನೇ ನೋಡುತ್ತಿದ್ದವಳು ಯಾರ ದನಿಯೆಂದು ತಿಳಿಯದೆ ಅತ್ತಿತ್ತ ನೋಡಿದಳು. ಅವಳ ಕಣ್ಣು ಟಿವಿಯ ಕೆಳಗಿನ ಕನ್ನಡಿಯ ಮೇಲೆ ಬಿತ್ತು. ನಾನೂ ನೋಡಿದೆ. ಕನ್ನಡಿಯಲ್ಲಿ ಭಾವನ ತುಟಿ ಆಡುತ್ತಿತ್ತು. ಎಷ್ಟು ಮದುವೆಗಳಲ್ಲಿ ಹೇಳಿದ ಮಾತು! ಅವರಿಗೇ ತಿಳಿಯದಂತೆ, ಮೇಲಿನಿಂದ ಬರುವ ದನಿಯ ಜೊತೆಗೇ, ಒಂದಕ್ಷರವೂ ಹಿಂದೆ ಬೀಳದೆ ಆಡುತ್ತಿತ್ತು.

"ಅಜ್ಜ ಮಾತಾಡ್ತಿದಾರೆ" ಎಂದಳು ಸಾನ್ವಿ, ಮೆಲ್ಲಗೆ.

ಟಿವಿಯಲ್ಲಿ ಭಾವ ಮುಂದೆ ಹೋದರು. "ಆ ಮೂಲೇಲಿ ಒಬ್ರು ಅಜ್ಜಿ ಕೂತಿದಾರೆ ನೋಡು, ಅವ್ರಿಗೆ..." ಎನ್ನುತ್ತಲೇ ಡಿಸ್ಕಿನ ಗೀರು ಬಂತು. ಚಿತ್ರ ನಿಂತಿತು, ದನಿಯೂ ನಿಂತಿತು. ಮಂಜಣ್ಣ ರಿಮೋಟು ಒತ್ತಿದ, ಪೆಟ್ಟಿಗೆಗೆ ಮೆಲ್ಲಗೆ ತಟ್ಟಿದ. ಏನೂ ಆಗಲಿಲ್ಲ. ಆದರೆ ಕನ್ನಡಿಯಲ್ಲಿ ಭಾವನ ತುಟಿ ನಿಂತಿರಲಿಲ್ಲ. ಶುರುವಾದ ಮಾತನ್ನು ಅವರು ಮುಗಿಸಿದರು.

"ಅವ್ರಿಗೆ ಇನ್ನೊಂದು ಹೋಳಿಗೆ ಹಾಕು" ಎಂದಳು ಸಾನ್ವಿ, ಕನ್ನಡಿಯಲ್ಲಿ ಆ ತುಟಿಯನ್ನೇ ನೋಡುತ್ತ.

ಭಾವ ಬೆಚ್ಚಿ ಅವಳ ಕಡೆ ತಿರುಗಿದರು. ಅವರು ಮೊಮ್ಮಗಳ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಮೊದಲು ಅಳುಕುತ್ತ, ಆಮೇಲೆ ಸರಾಗವಾಗಿ ತುಟಿ ಆಡಿಸಿದರು. ಇದು ಯಾವ ಡಿಸ್ಕಿನಲ್ಲೂ ಇದ್ದ ಮಾತಲ್ಲ.

"ಏನಂತೆ?" ಎಂದು ಅಕ್ಕ ಕುರ್ಚಿಯ ಹಿಡಿ ಬಿಟ್ಟು ಮುಂದೆ ಬಾಗಿದಳು. "ಏನಂದ್ರು, ಹೇಳೇ."

"ನಮ್ಮನೇಲಿ ಹೋಳಿಗೆ ಮಾಡಿ ಎಷ್ಟು ದಿನ ಆಯ್ತು ಅಂತ ಕೇಳ್ತಿದಾರೆ."

ಅಕ್ಕ ಅಳುತ್ತಲೇ ನಕ್ಕಳು. "ಇವತ್ತೇ ಮಾಡ್ತೀನಿ ಅಂತ ಹೇಳು ಮರಿ."

"ನೀನೇ ಹೇಳಜ್ಜಿ" ಎಂದಳು ಸಾನ್ವಿ. "ಅಜ್ಜಂಗೆ ಕಿವಿ ಕೇಳ್ಸುತ್ತಲ್ಲ."